‘ಸ್ವೀಡನ್ನಿನ್ಯಾಗ ಲಾಕ್‌ಡೌನ್ ಮಾಡಲೇ ಇಲ್ಲಂತ, ನಾವ್ಯಾಕ ಹಾಳಾದ್ವಿ?’: ಡಾಕ್ಟರಿಗೆ ಕೇಳಿದ್ದು

ಪ್ರಶ್ನೆ (ಬೆಟಗೇರಿಯ ಸದಸ್ಯರು): ಡಾಕ್ಟರ್ರ, ನಮಸ್ಕಾರ್ರಿ. ನಮ್ಮಣ್ಣ ಕೈಮಗ್ಗದ ನೇಕಾರ. 2020ರ ಕೊರೊನಾ ಲಾಕ್‌ಡೌನ್‌ನ್ಯಾಗ ನೂಲು ಬರೂದು ನಿಂತು, ನೇಯ್ದ ಸೀರಿ ಗಂಟು ಕಟ್ಟಿ ಇಟ್ಟಿದ್ವಿ. ಆವಾಗ ಮಾಡಿದ ಕೈಗಡ ಇನ್ನೂ ತೀರಿಲ್ಲ. ಈಗ ನಸುಕಿನ ಮೂರಕ್ಕ ಎದ್ದು ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂದರ್ತಾನ, ಲಾಳಿ ಮುಟ್ಟೂದಿಲ್ಲ. ಮೊನ್ನೆ ಸ್ವೀಡನ್ನಿನ್ಯಾಗ ನೌಕರಿ ಮಾಡೋ ಸಂಬಂಧಿಕರ ಹುಡುಗ ಬಂದಿದ್ದ. ‘ನಮ್ಮಲ್ಲಿ ಬಂದ್ ಮಾಡಲೇ ಇಲ್ಲ, ಏನೂ ಆಗ್ಲಿಲ್ಲ’ ಅಂದ. ಅವತ್ತಿಂದ ಅಣ್ಣಂದು ಒಂದ ಮಾತು: ‘ಹಂಗಾರ ನಾವು ಸುಮ್ಮನ ಹಾಳಾದ್ವೇನು?’ ಏನ್ ಹೇಳ್ಲಿ?

ಉತ್ತರ (ಮನೋವೈದ್ಯೆ, ಧಾರವಾಡ): ಮೊದಲು ಆ ಹುಡುಗ ಹೇಳಿದ್ದನ್ನ ನೋಡೋಣ. ಅರ್ಧ ಖರೆ. ಸ್ವೀಡನ್ ಊರಿಗೆ ಊರೇ ಬಂದ್ ಮಾಡಲಿಲ್ಲ, ಸಣ್ಣ ಮಕ್ಕಳ ಶಾಲೆ ತೆರೆದೇ ಇತ್ತು. ಆದರೆ 50ಕ್ಕಿಂತ ಹೆಚ್ಚು ಜನ ಸೇರೋದನ್ನ 2020ರ ಮಾರ್ಚ್‌ನಲ್ಲೇ ನಿಷೇಧಿಸಿದ್ದರು, ಕಾಲೇಜುಗಳು ಮನೆಯಿಂದ ನಡೆದವು. ‘ಏನೂ ಆಗ್ಲಿಲ್ಲ’ ಅನ್ನೋದಂತೂ ಸುಳ್ಳು. ಮೊದಲ ವರ್ಷ ಅಲ್ಲಿನ ವೃದ್ಧಾಶ್ರಮಗಳಲ್ಲಿ ಸಾಲುಸಾಲಾಗಿ ಸಾವಾದವು. ಪಕ್ಕದ ನಾರ್ವೆ, ಫಿನ್‌ಲೆಂಡ್‌ಗಿಂತ ಬಹಳ ಹೆಚ್ಚು. ‘ನಾವು ಸೋತಿದ್ದೇವೆ’ ಎಂದು ಅಲ್ಲಿನ ರಾಜನೇ ಆ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ. ಮುಂದಿನ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಯುರೋಪಿನಲ್ಲಿ ಕಡಿಮೆ ಹೆಚ್ಚುವರಿ ಸಾವು (ಸಾಮಾನ್ಯ ವರ್ಷಗಳಿಗಿಂತ ಜಾಸ್ತಿಯಾದ ಸಾವು) ಕಂಡ ದೇಶಗಳಲ್ಲಿ ಸ್ವೀಡನ್ ಕೂಡ ಬಂತು, ಅದನ್ನೂ ಹೇಳಬೇಕು.

ನಿಮ್ಮಣ್ಣನಿಗೆ ಹೇಳಬೇಕಾದ ಮಾತು ಬೇರೆ ಇದೆ. ಅಲ್ಲಿ ಜ್ವರ ಬಂದವರು ಮನೆಯಲ್ಲಿ ಕೂತರೆ ಮೊದಲ ದಿನದಿಂದಲೇ ದುಡ್ಡು ಬರುವಂತೆ ನಿಯಮ ಬದಲಿಸಿದರು. ಬಿಗಿಯಾಗಿ ಬಂದ್ ಮಾಡಿದ ಬ್ರಿಟನ್ ಕೆಲಸ ನಿಂತ ನೌಕರರಿಗೆ ಸಂಬಳದ ಶೇ. 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಹೆಚ್ಚುಕಡಿಮೆ 2021ರ ಸೆಪ್ಟೆಂಬರ್‌ವರೆಗೂ ಕೊಟ್ಟಿತು. ನಮಗೆ ಮಾರ್ಚ್ 24ರ ರಾತ್ರಿ 8 ಗಂಟೆಗೆ ಹೇಳಿ 12ಕ್ಕೆ ಬಾಗಿಲು ಹಾಕಿದರು. ರೇಷನ್ ಬಂತು, ಅದು ಜೀವ ಉಳಿಸಿತು. ಹೆಣ್ಣುಮಕ್ಕಳ ಜನಧನ ಖಾತೆಗೆ 500ರಂತೆ 3 ತಿಂಗಳು, ಕೈಮಗ್ಗದವರಿಗೆ ರಾಜ್ಯದಿಂದ ಆಗ ವರ್ಷಕ್ಕೆ 2,000 ರೂಪಾಯಿ. ಇಷ್ಟರಲ್ಲಿ ಯಾವ ಸಂಸಾರ ನಡೀತದ್ರಿ? ಉಳಿದ ಭಾರವನ್ನೆಲ್ಲ ನಿಮ್ಮಣ್ಣ ಕೈಗಡ ತಂದು ತನ್ನ ಹೆಗಲ ಮೇಲೆ ಹೊತ್ತ. ಅದು ಅವನ ಸೋಲು ಅಲ್ಲ ಅಂತ ಅವನ ಎದುರು ಕೂತು, ಈ ಲೆಕ್ಕ ಇಟ್ಟು ಹೇಳಿರಿ. ನನ್ನ ಹತ್ತಿರ ಬರುವ ಎಷ್ಟೋ ಗಂಡಸರು ಆ ಸಾಲವನ್ನು ತಮ್ಮ ನಾಲಾಯಕಿತನ ಅಂತಲೇ ಒಳಗೆ ಇಟ್ಟುಕೊಂಡಿರ್ತಾರೆ.

ಇನ್ನೊಂದು, ತಡ ಮಾಡಬೇಡಿ. ನಸುಕಿನಲ್ಲಿ ಎಚ್ಚರಾಗಿ ಮತ್ತೆ ನಿದ್ದೆ ಬಾರದಿರೋದು, ಕೈಬಂದ ಕೆಲಸ ಮುಟ್ಟದಿರೋದು ಖಿನ್ನತೆಯ ಗುರುತು. ‘ಜೀವ ಬ್ಯಾಡ ಅನಸ್ತದೇನು?’ ಅಂತ ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ವಿಚಾರ ಹೊಸದಾಗಿ ಹುಟ್ಟೋದಿಲ್ಲ. ‘ಹೌದು’ ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಲ್ಲಿವರೆಗೆ ಒಬ್ಬನ್ನೇ ಬಿಡಬಾರದು.

ಪ್ರಶ್ನೆ (ಬ್ಯಾಡಗಿ ತಾಲ್ಲೂಕಿನ ಶಿಕ್ಷಕಿ): ಮೇಡಂ, ಮಕ್ಕಳ ಬಗ್ಗೆಯೂ ಹೇಳಿ. 2020ರಲ್ಲಿ ಒಂದನೇ ಇಯತ್ತೆಯಲ್ಲಿದ್ದವರು ಮತ್ತೆ ಶಾಲೆ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ, ಮೂರನೇ ಇಯತ್ತೆಗೆ. ಒಬ್ಬ ಹುಡುಗ ‘ಕಮಲ’ ಬರೆದು, ಅಳಿಸಿ, ಬರೆದು, ಹಾಳೆ ಹರಿಯೋತನಕ ಅಳಿಸುತ್ತಿದ್ದ.

ಉತ್ತರ: ಈ ವಿಷಯದಲ್ಲಿ ಮಾತ್ರ ಸ್ವೀಡನ್ ಮಾಡಿದ್ದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಸಣ್ಣ ಮಕ್ಕಳ ಓದು ಕುಸಿಯಲಿಲ್ಲ. ನಮ್ಮಲ್ಲಿ ಮನೆಗೊಂದೇ ಮೊಬೈಲು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗ್ತಿತ್ತು. ಹಾಳೆ ಹರಿಯುವಷ್ಟು ಅಳಿಸೋ ಮಗು ದಡ್ಡ ಅಲ್ಲ, ತಪ್ಪಾದೀತೆಂದು ಹೆದರಿದೆ. ಆ ಮಕ್ಕಳು ಈಗ ಮೇಲಿನ ತರಗತಿಗಳಲ್ಲಿದ್ದಾರೆ. ಇವತ್ತಿಗೂ ಗಟ್ಟಿಯಾಗಿ ಓದು ಅಂದರೆ ಹೊಟ್ಟೆನೋವು ಅನ್ನುವವರನ್ನು ಬೇರೆ ಕೂಡಿಸಿ, ಕೆಳಗಿನ ತರಗತಿ ಪುಸ್ತಕ ಕೊಟ್ಟು ಓದಿಸಿರಿ. ಉಳಿದ ಮಕ್ಕಳ ಮುಂದೆ ಬೇಡ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): 2021ರ ಮೇದಲ್ಲಿ ಅವ್ವ ಹೋದಳು. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ಬೇರೆ ದೇಶದವರಿಗೂ ಹೀಗೇ ಆಯ್ತಾ?

ಉತ್ತರ: ಆಯ್ತು. ಎಲ್ಲರೂ ಹೊಗಳುವ ನ್ಯೂಜಿಲೆಂಡ್ ಬಹಳ ಜೀವ ಉಳಿಸಿತು, ನಿಜ. ಆದರೆ 2020ರ ಬಿಗಿ ಲಾಕ್‌ಡೌನ್‌ನಲ್ಲಿ ಅಲ್ಲಿಯೂ ಜನ ಸೇರಿ ಅಂತ್ಯಕ್ರಿಯೆ ಮಾಡುವಂತಿರಲಿಲ್ಲ. ಮುಂದೆಯೂ ಕ್ವಾರಂಟೈನ್ ಜಾಗ ಸಿಗದೆ ಎಷ್ಟೋ ಮಕ್ಕಳು ತಾಯ್ನಾಡಿಗೆ ಹೋಗಲಾಗದೆ ಹೊರದೇಶದಲ್ಲೇ ಉಳಿದರು. ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ. 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಿಮ್ಮ ದುಃಖ ಮಾತ್ರ ನಿಮ್ಮದೇ, ಆ ಅಂಕಿಯೊಳಗೆ ಅದು ಹಿಡಿಯೋದಿಲ್ಲ. ಅವ್ವನ ತಿಥಿಗೆ ಈ ವರ್ಷ ಬಂಧುಬಳಗ ಕರೆಯಿರಿ. ಅವತ್ತು ಬರಲಾಗದವರು ಬಂದು ಅವಳ ಬಗ್ಗೆ ಮಾತಾಡಲಿ, ನೀವು ಮನಸ್ಸು ಬಿಚ್ಚಿ ಅಳಿರಿ.

ಬೆಟಗೇರಿಯ ಸದಸ್ಯರು: ಡಾಕ್ಟರ್ರ, ರಾತ್ರಿ ಅಣ್ಣನ್ನ ಕೇಳಿದ್ನಿ. ‘ಜೀವ ಬ್ಯಾಡ ಅಂತಿಲ್ಲ, ಆದ್ರ ಬಾಳ ದಣದೀನಿ’ ಅಂದ. ಎಲ್ಲಿ ತೋರಸ್ಲಿ?

ಉತ್ತರ: ಕೇಳಿದ್ದು ಬಹಳ ಛಲೋ ಆತು. ಗದಗ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿರಿ, ಇಲ್ಲವೇ ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬನ್ನಿ. ರಾತ್ರಿ ಕಷ್ಟ ಅನ್ನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಬರುವಾಗ ಅವನು ತಗೊಳ್ಳೋ ಬಿಪಿ, ಶುಗರ್ ಗುಳಿಗೆ ಚೀಟಿ ಇದ್ದರೆ ತನ್ನಿ. ನೀವೂ ಜೊತೆಗೆ ಬನ್ನಿ.