ಮುಟ್ಟಿನ ಚಕ್ರ 34–38 ದಿನ, ಎಂಟು ತಿಂಗಳಿಂದ ಮಗುವಿಗಾಗಿ ಪ್ರಯತ್ನ: ಚೀನೀ ಕಷಾಯ, ಅಕ್ಯುಪಂಕ್ಚರ್ ಶುರು ಮಾಡಬಹುದಾ?

ಮಲ್ಲಿಗೆಮೊಗ್ಗು:
ಎಲ್ಲರಿಗೂ ನಮಸ್ಕಾರ. ನನಗೆ 32, ಯಜಮಾನರಿಗೆ 35, ಸಿಂಗಪುರದಲ್ಲಿದ್ದೇವೆ. ಮುಟ್ಟು 34ರಿಂದ 38 ದಿನಕ್ಕೊಮ್ಮೆ. 12ನೇ ದಿನದಿಂದ 16ರವರೆಗೆ ತಪ್ಪದೆ ಸೇರುತ್ತೇವೆ, ಎಂಟು ತಿಂಗಳಾದರೂ ಗರ್ಭ ನಿಂತಿಲ್ಲ. ಥೈರಾಯ್ಡ್, ಸ್ಕ್ಯಾನ್ ಸರಿ ಇದೆ. 21ನೇ ದಿನ ಮಾಡಿಸಿದ ಪ್ರೊಜೆಸ್ಟರಾನ್ (ಅಂಡಾಣು ಬಂದ ಮೇಲೆ ಏರುವ ಹಾರ್ಮೋನ್) ಮಾತ್ರ ಕಡಿಮೆ ಬಂತು. ಯಜಮಾನರ ಟೆಸ್ಟ್ ಇನ್ನೂ ಆಗಿಲ್ಲ. ಇಲ್ಲಿನ ಚೀನೀ ವೈದ್ಯರು ನಾಲಿಗೆ, ನಾಡಿ ನೋಡಿ "ಕಿಡ್ನಿ ಯಾಂಗ್ ಕಡಿಮೆ" ಅಂದರು, ಮೂರು ತಿಂಗಳು ಕಷಾಯ, ವಾರಕ್ಕೊಮ್ಮೆ ಅಕ್ಯುಪಂಕ್ಚರ್ ಸೂಜಿ ಅಂತ ಹೇಳಿದ್ದಾರೆ. ನನ್ನ ಕಿಡ್ನಿಗೆ ಏನಾದರೂ ಆಗಿದೆಯಾ? ತಿಳಿದವರು ದಯವಿಟ್ಟು ಹೇಳಿ.

ತುಂಗಾತೀರ:
ಔಷಧಿ ಆಮೇಲೆ ನೋಡೋಣ ಮೇಡಂ, ಮೊದಲು ಲೆಕ್ಕ ಸರಿಮಾಡಿಕೊಳ್ಳಿ. 14ನೇ ದಿನ ಅನ್ನುವುದು 28 ದಿನದ ಚಕ್ರದವರ ಲೆಕ್ಕ. ಚಕ್ರ ಉದ್ದವಾದಾಗ ಸಾಮಾನ್ಯವಾಗಿ ಹಿಗ್ಗುವುದು ಅದರ ಮೊದಲ ಭಾಗ. ಅಂಡಾಣು ಹೊರಬಿದ್ದ ಮೇಲೆ ಮುಟ್ಟಾಗುವವರೆಗಿನ ಅವಧಿ ಹೆಚ್ಚಿನವರಲ್ಲಿ ಎರಡು ವಾರದ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಹಿಂದಿನಿಂದ ಎಣಿಸಬೇಕು. 34ರಲ್ಲಿ 14 ಕಳೆದರೆ 20, 38ರಲ್ಲಿ ಕಳೆದರೆ 24. ನಿಮ್ಮ ಅಂಡಾಣು ಬರುವುದು ಸುಮಾರಾಗಿ ಈ ಐದು ದಿನಗಳಲ್ಲಿ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಲ್ಲದು, ಅಂಡಾಣುವಿನ ಆಯುಸ್ಸು ಒಂದೇ ದಿನ. ಅಂದರೆ ಗರ್ಭ ನಿಲ್ಲಬಹುದಾದ ದಿನಗಳು 15ರಿಂದ 24. ನೀವು ನಿಲ್ಲಿಸುತ್ತಿರುವುದು 16ಕ್ಕೆ! 15ರಿಂದ 25ರವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು, ದಿನವೂ ಬೇಕಿಲ್ಲ.

ಪ್ರೊಜೆಸ್ಟರಾನ್‌ದೂ ಇದೇ ತಪ್ಪು. 21ನೇ ದಿನ ನಿಮ್ಮ ಅಂಡಾಣು ಇನ್ನೂ ಬಂದೇ ಇಲ್ಲದಿರಬಹುದು, ಹಾರ್ಮೋನ್ ಏರುವುದು ಎಲ್ಲಿಂದ? ಆ ಟೆಸ್ಟ್ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಆಗಬೇಕು, ನಿಮಗೆ 27ರಿಂದ 31ರ ನಡುವೆ. ಮಿಲಿಗೆ 3 ನ್ಯಾನೋಗ್ರಾಂ ದಾಟಿದ್ದರೆ ಅಂಡಾಣು ಬಂದಿದೆ ಎಂದರ್ಥ.

ಇನ್ನು ದಿನ ಹಿಡಿಯುವುದು. ಎಲ್‌ಎಚ್ ಸ್ಟ್ರಿಪ್ (ಅಂಡಾಣು ಬರುವ ಮುನ್ನ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಪಟ್ಟಿ) 15ನೇ ದಿನದಿಂದ ಶುರುಮಾಡಿ, ಮಧ್ಯಾಹ್ನದ ಮೇಲೆ ನೋಡಿ, ಅದಕ್ಕೆ ಮೊದಲು ಎರಡು ಗಂಟೆ ನೀರು ಕಡಿಮೆ ಕುಡಿಯಿರಿ. ಟೆಸ್ಟ್ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಅಥವಾ ಅದಕ್ಕೂ ಮೀರಿದರೆ ಅಂಡಾಣು ಸುಮಾರು 24–36 ಗಂಟೆಯಲ್ಲಿ ಬರುತ್ತದೆ. ಆ ದಿನವೂ ಮರುದಿನವೂ ಬಿಡಬೇಡಿ. ಐದಾರು ದಿನ ಒಂದೇ ಸಮನೆ ಗಾಢವಾಗಿದ್ದರೆ ಮಾತ್ರ ನಂಬಬೇಡಿ, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬರದ ತೊಂದರೆ) ಇದ್ದವರಲ್ಲಿ ಹಾಗಾಗುತ್ತದೆ. ಸ್ಟ್ರಿಪ್‌ಗಿಂತ ಮೊದಲೇ ಸುಳಿವು ಕೊಡುವುದು ಬಿಳಿ ಲೋಳೆ. ಅದು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಬಂದರೆ ಅವೇ ಒಳ್ಳೆಯ ದಿನಗಳು.

ಜೊತೆಗೆ ಬೆಳಗಿನ ಉಷ್ಣಾಂಶ ಬರೆದಿಡಿ. ಎರಡು ದಶಾಂಶ ತೋರಿಸುವ ಥರ್ಮಾಮೀಟರ್ ಬೇಕು. ಕಣ್ಣು ಬಿಟ್ಟ ಕೂಡಲೇ, ಎದ್ದು ಕೂರುವ ಮೊದಲೇ, ನಾಲಿಗೆಯಡಿ ಇಟ್ಟುಕೊಳ್ಳಿ. ದಿನವೂ ಅದೇ ಹೊತ್ತಿಗೆ. 36.35 ಡಿಗ್ರಿ ಸೆಲ್ಸಿಯಸ್ ಸುತ್ತ ಆಡುತ್ತಿದ್ದದ್ದು 36.7ಕ್ಕೆ ಏರಿ ಮೂರು ದಿನ ಅಲ್ಲೇ ನಿಂತರೆ ಅಂಡಾಣು ಬಂದುಹೋಗಿದೆ. ಆ ತಿಂಗಳಿಗೆ ತಡವಾಯಿತು, ಆದರೆ ಎರಡು ಮೂರು ತಿಂಗಳ ಪಟ್ಟಿ ಕೈಯಲ್ಲಿದ್ದರೆ ನಿಮ್ಮ ದೇಹದ ಕ್ರಮ ಕಣ್ಣಿಗೆ ಕಾಣುತ್ತದೆ. ಜ್ವರ, ನಿದ್ದೆಗೆಟ್ಟ ರಾತ್ರಿಗಳನ್ನು ಪಕ್ಕದಲ್ಲಿ ಗುರುತುಹಾಕಿ.

ದವನ:
ಕಿಡ್ನಿ ವಿಷಯಕ್ಕೆ ಗಾಬರಿ ಬೇಡ. ಚೀನೀ ವೈದ್ಯದ "ಶೆನ್" ಅನ್ನು ಕಿಡ್ನಿ ಅಂತ ಅನುವಾದಿಸುತ್ತಾರೆ, ಆದರೆ ಅದು ಮೂತ್ರಪಿಂಡವೊಂದೇ ಅಲ್ಲ. ಬೆಳವಣಿಗೆ, ಮುಟ್ಟು, ಸಂತಾನಕ್ಕೆ ಬೇಕಾದ "ಜಿಂಗ್" ಎಂಬ ಸಾರವನ್ನು ಕಾಪಿಡುವ ಶಕ್ತಿಗೆ ಅವರಿಟ್ಟ ಹೆಸರು. ಕೈಕಾಲು ತಣ್ಣಗಿರುವುದು, ಸೊಂಟನೋವು, ಉದ್ದದ ಚಕ್ರ, ಬಿಳಿಚಿ ಊದಿದಂತಿರುವ ನಾಲಿಗೆ ಇವನ್ನೆಲ್ಲ ಸೇರಿಸಿ ಯಾಂಗ್, ಅಂದರೆ ಮೈ ಬೆಚ್ಚಗಿಡುವ ಶಕ್ತಿ, ಕಡಿಮೆ ಅನ್ನುತ್ತಾರೆ. ನಿಮ್ಮ ಕ್ರಿಯಾಟಿನೈನ್‌ಗೂ (ಕಿಡ್ನಿಯ ರಕ್ತಪರೀಕ್ಷೆ) ಅದಕ್ಕೂ ಸಂಬಂಧವಿಲ್ಲ.

ತುಂಗಾತೀರ ಹೇಳಿದ ದಿನದ ಲೆಕ್ಕ ಇಲ್ಲಿಗೂ ಬೇಕು. ಚಕ್ರದ ಹಂತಕ್ಕೆ ತಕ್ಕಂತೆ ಮದ್ದು ಬದಲಿಸುವ ಕ್ರಮವನ್ನು ನಾನ್‌ಜಿಂಗ್‌ನ ವೈದ್ಯ ಶಿಯಾ ಗ್ವೇಚೆಂಗ್ ವಿವರವಾಗಿ ಕಟ್ಟಿಕೊಟ್ಟರು. ಮುಟ್ಟಿನ ದಿನಗಳಲ್ಲಿ ರಕ್ತ ಸರಾಗವಾಗಿ ಹೋಗಲು ಯೀ ಮು ತ್ಸಾವ್‌ನಂಥ ಸೊಪ್ಪು. ಮುಟ್ಟು ನಿಂತ ಮೇಲೆ ರಕ್ತವನ್ನೂ ಯಿನ್ ಅನ್ನೂ (ಮೈಯ ತಂಪು, ರಸದ ಅಂಶ) ತುಂಬಲು ಶು ದಿ, ದಾಂಗ್ ಗ್ವೇ, ಬಾಯ್ ಶಾವ್ ಬೇರುಗಳು. ಅಂಡಾಣು ಬರುವ ಹೊತ್ತಿಗೆ ಚಲನೆ ಕೊಡುವಂಥವು, ಅದಾದ ಮೇಲೆ ಯಾಂಗ್ ಬೆಚ್ಚಗಿಡಲು ತು ಸಿ ಜಿ, ದು ಜೋಂಗ್. ಇಲ್ಲಿ ಎಡವುವುದು ಎಲ್ಲಿ ಅಂದರೆ, 15ನೇ ದಿನಕ್ಕೆ ಕಣ್ಣುಮುಚ್ಚಿ ಮದ್ದು ಬದಲಿಸುವುದರಲ್ಲಿ. ನಿಮಗೆ ಆಗಿನ್ನೂ ಮೊದಲ ಹಂತವೇ ಮುಗಿದಿರುವುದಿಲ್ಲ. ಉಷ್ಣಾಂಶದ ಪಟ್ಟಿ ತೆಗೆದುಕೊಂಡು ಹೋಗಿ ವೈದ್ಯರ ಮುಂದಿಡಿ. ತಿಂಗಳಿಡೀ ಒಂದೇ ಪುಡಿ ಕೊಡುವವರಾದರೆ ಯಾಕೆ ಅಂತ ಕೇಳಿ.

ಬೇರು, ತೊಗಟೆಯನ್ನೇ ಕೊಟ್ಟರೆ ಮಣ್ಣಿನ ಅಥವಾ ಗಾಜಿನ ಪಾತ್ರೆಯಲ್ಲಿ ಕುದಿಸಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಹಾಕಿ, ನೀರು ಮದ್ದಿನ ಮೇಲೆ ಎರಡು ಬೆರಳಷ್ಟು ನಿಲ್ಲಲಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 30 ನಿಮಿಷ ಇಟ್ಟು ಸೋಸಿ. ಅದೇ ಮದ್ದಿಗೆ ಮತ್ತೆ ನೀರು ಹಾಕಿ 20 ನಿಮಿಷ ಕುದಿಸಿ ಎರಡನ್ನೂ ಬೆರೆಸಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಎರಡು ಸಲದ ನೀರನ್ನು ಬೆರೆಸದೆ ಬೇರೆ ಬೇರೆ ಕುಡಿದರೆ ಬೆಳಗಿನದು ಗಟ್ಟಿ, ಸಂಜೆಯದು ನೀರು. ಹೊಟ್ಟೆ ಉಬ್ಬರಿಸಿದರೆ, ಮಲ ಸಡಿಲವಾದರೆ ವೈದ್ಯರಿಗೆ ಹೇಳಿ, ಶು ದಿ ಅಂಟಂಟು ವಸ್ತು, ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲ.

ಸೂಜಿ ಹಾಕುವುದು ಹೆಚ್ಚಾಗಿ ಹೊಕ್ಕುಳ ಕೆಳಗಿನ ಗ್ವಾನ್‌ಯುವಾನ್, ಮೊಣಕಾಲ ಕೆಳಗಿನ ಜು ಸಾನ್ ಲಿ, ಒಳಕಣಕಾಲ ಗಂಟಿನಿಂದ ನಾಲ್ಕು ಬೆರಳು ಮೇಲಿನ ಸಾನ್ ಯಿನ್ ಜಿಯಾವ್ ಬಿಂದುಗಳಿಗೆ. ಅಂಡಾಣು ಬಂದ ಮೇಲೆ ಕೆಳಹೊಟ್ಟೆಗೂ ಸಾನ್ ಯಿನ್ ಜಿಯಾವ್‌ಗೂ ಹಾಕದಿರುವುದು ವಾಡಿಕೆ, ಗರ್ಭ ನಿಂತಿರಬಹುದೆಂಬ ಎಚ್ಚರಕ್ಕೆ. ಮೊಕ್ಸಾ ಅಂದರೆ ಒಣಗಿಸಿ ಉಜ್ಜಿದ ಸೊಪ್ಪಿನ ಬತ್ತಿ. ಆ ಗಿಡ ನಮ್ಮ ದವನದ ಕುಲದ್ದೇ. ಚರ್ಮದಿಂದ 2–3 ಸೆಂಟಿಮೀಟರ್ ದೂರ ಹಿಡಿದು 10–15 ನಿಮಿಷ ಹಿತವಾಗಿ ಬೆಚ್ಚಗಾಗಬೇಕು, ಚುರುಕ್ ಅನ್ನಬಾರದು. ಇದಕ್ಕೂ ಅದೇ ನಿಯಮ, ಅಂಡಾಣು ಬಂದ ಮೇಲೆ ಹೊಟ್ಟೆಗೆ ಬೇಡ.

ಲ್ಯಾಬ್‌ಲೆಕ್ಕ:
ಎರಡು ಮಾತು ಸೇರಿಸಬೇಕು, ಎರಡೂ ಮುಖ್ಯ.

ಸೂಜಿಯಿಂದ ಎಷ್ಟು ನಿರೀಕ್ಷಿಸಬಹುದು? ಚೀನಾದಲ್ಲೇ 1000 ಪಿಸಿಓಎಸ್ ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅಂಡಾಣು ಬರಿಸುವ ಕ್ಲೋಮಿಫೀನ್ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 28–29 ಮಂದಿಗೆ ಮಗು ಆಯಿತು, ತಗೊಳ್ಳದವರಲ್ಲಿ 14–17 ಮಂದಿಗೆ. ನಿಜವಾದ ಸೂಜಿಯೋ ಹೆಸರಿಗೆ ಚುಚ್ಚಿದ್ದೋ ಅನ್ನುವುದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ ಅಂತ ಮಾಡಿಸಿಕೊಳ್ಳಿ, ಆದರೆ ಅದಕ್ಕಾಗಿ ಬೇರೆ ಚಿಕಿತ್ಸೆ ಮುಂದೂಡಬೇಡಿ. ಕಷಾಯದ ಚೀಟಿಯಲ್ಲಿ ಪ್ರತಿ ವಸ್ತುವಿನ ಹೆಸರು ಬರೆಸಿಕೊಳ್ಳಿ. ಸಿಂಗಪುರದಲ್ಲಿ ಚೀನೀ ವೈದ್ಯರಿಗೆ ಕಾನೂನಿನ ನೋಂದಣಿ ಕಡ್ಡಾಯ, ಪಟ್ಟಿಯಲ್ಲಿದ್ದಾರಾ ನೋಡಿ. ಗ್ವಾನ್ ಮು ತೋಂಗ್ ಎಂಬ ಬಳ್ಳಿಯಲ್ಲಿ ಅರಿಸ್ಟೊಲೊಕಿಕ್ ಆಮ್ಲ ಇದೆ, ಅದೇ ಆಮ್ಲವಿದ್ದ ಇನ್ನೊಂದು ಗಿಡದ ಬೇರಿನಿಂದಲೇ 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ಹೆಂಗಸರ ಕಿಡ್ನಿಗಳು ಹಾಳಾದವು. ಕೀಲುನೋವಿಗೆ ಕೊಡುವ ಲೇಯ್ ಗೋಂಗ್ ತೆಂಗ್ ವೀರ್ಯಾಣುವನ್ನೂ ಮುಟ್ಟನ್ನೂ ನಿಲ್ಲಿಸಬಲ್ಲದು, ಮನೆಯಲ್ಲಿ ಇಬ್ಬರೂ ಮುಟ್ಟಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ದಾಂಗ್ ಗ್ವೇ ಸಲ್ಲದು.

ಇನ್ನೊಂದು, ಯಜಮಾನರ ವೀರ್ಯ ಪರೀಕ್ಷೆ. ಎಂಟು ತಿಂಗಳು ನಿಮ್ಮೊಬ್ಬರದ್ದೇ ಪರೀಕ್ಷೆ ಆಗಿದ್ದು ಸರಿಯಲ್ಲ, ಇದನ್ನು ಈ ವಾರವೇ ಮಾಡಿಸಿ. ಎರಡರಿಂದ ಏಳು ದಿನ ಬಿಡುವು ಇರಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಕಪ್‌ನಿಂದ ಆಚೆ ಬಿದ್ದರೆ ಲ್ಯಾಬಿನವರಿಗೆ ಹೇಳಿ. ಮನೆಯಲ್ಲಿ ಸಂಗ್ರಹಿಸಿದರೆ ಮೈಗೆ ಒತ್ತಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ: ಪ್ರಮಾಣ 1.4 ಮಿಲಿ, ಮಿಲಿಗೆ 1.6 ಕೋಟಿ ವೀರ್ಯಾಣು, ಚಲನೆ 42%, ಸರಿಯಾದ ಆಕಾರ 4%. 4% ನೋಡಿ ಹೆದರಬೇಡಿ, ಅದೇ ಮಿತಿ. ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ, ಜೋರು ಜ್ವರ ಬಂದುಹೋಗಿದ್ದರೂ ಒಂದೆರಡು ತಿಂಗಳು ಸಂಖ್ಯೆ ಇಳಿದಿರುತ್ತದೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹಾಗಾಗಿ ಇವತ್ತು ಸಿಗರೇಟು ಬಿಟ್ಟರೆ ಫಲ ಮೂರು ತಿಂಗಳ ಮೇಲೆ. ಬೀಜಕ್ಕೆ (ವೃಷಣಕ್ಕೆ) ಮೈಗಿಂತ 2–4 ಡಿಗ್ರಿ ತಂಪು ಬೇಕು, ತೊಡೆಯ ಮೇಲಿನ ಲ್ಯಾಪ್‌ಟಾಪ್, ಸೌನಾ ಬಿಡಲಿ. ಜಿಮ್‌ನವರು ಕೊಡುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣುವನ್ನು ಸೊನ್ನೆಗೂ ಇಳಿಸಬಹುದು, ಇದನ್ನು ನೇರವಾಗಿ ಕೇಳಿಬಿಡಿ.

ಮಲ್ಲಿಗೆಮೊಗ್ಗು:
ಎಲ್ಲರಿಗೂ ತುಂಬಾ ಧನ್ಯವಾದ. ಊಟದ ಬಗ್ಗೆ ಒಂದು ಗೊಂದಲ. ಅತ್ತೆ ಎಳ್ಳು, ಪಪ್ಪಾಯಿ ಉಷ್ಣ, ಮುಟ್ಟಬೇಡ ಅಂತಾರೆ. ಚೀನೀ ವೈದ್ಯರು ದಿನಾ ಕಪ್ಪು ಎಳ್ಳು ತಿನ್ನಿ ಅಂತಾರೆ. ಕಾಫಿ ಬಿಡಬೇಕಾ?

ದವನ:
ನಮ್ಮ ಉಷ್ಣ–ಶೀತವೂ ಅವರದ್ದೂ ಒಂದಕ್ಕೊಂದು ಹೊಂದುವುದಿಲ್ಲ. ನಮ್ಮಲ್ಲಿ ಎಳ್ಳು ಉಷ್ಣ, ಅವರ ಲೆಕ್ಕದಲ್ಲಿ ಕಪ್ಪು ಎಳ್ಳು ಸಮ, ಶೆನ್‌ಗೆ ಬಲ. ಶುಂಠಿ ಇಬ್ಬರಿಗೂ ಉಷ್ಣ, ಹೆಸರುಕಾಳು ಇಬ್ಬರಿಗೂ ತಂಪು. ದಿನಕ್ಕೊಂದು ಚಮಚ ಹುರಿದ ಎಳ್ಳಿನಿಂದ ತೊಂದರೆಯಿಲ್ಲ. ಕಳಿತ ಪಪ್ಪಾಯಿಯೂ ಸರಿ, ಹಾಲು ಸುರಿಯುವ ಕಾಯಿಪಪ್ಪಾಯಿ ಮಾತ್ರ ಬೇಡ. ಅತ್ತೆಯ ಕಾಳಜಿ ಅಲ್ಲಿಂದಲೇ ಬಂದದ್ದು.

ತುಂಗಾತೀರ:
ಕಾಫಿ ಬಿಡಬೇಕಿಲ್ಲ, ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಮೀರದಿರಲಿ. ಅಲ್ಲಿನ ಕೋಪಿ ರೋಬಸ್ಟಾದ್ದು, ಗಟ್ಟಿ, ಒಂದೇ ಲೋಟ ಸಾಕು. ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ ಇವತ್ತಿಂದಲೇ ಶುರುಮಾಡಿ. ಊರಿಂದ ತರಿಸುವುದಾದರೆ ಡಬ್ಬಿ ನೋಡಿ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 5 ಮಿಲಿಗ್ರಾಂನದ್ದು. ಮಧುಮೇಹ, ಮೂರ್ಛೆರೋಗದ ಮಾತ್ರೆ ಇದ್ದವರಿಗೆ ವೈದ್ಯರು ಅದನ್ನು ಬರೆಯುತ್ತಾರೆ. ಒಣಗುತ್ತದೆ ಅಂತ ಜೆಲ್ಲಿ, ಎಂಜಲು ಬಳಸುತ್ತಿದ್ದರೆ ನಿಲ್ಲಿಸಿ, ಅವು ವೀರ್ಯಾಣುವಿನ ಓಟ ತಗ್ಗಿಸುತ್ತವೆ.

ಒಂದು ವರ್ಷ ತುಂಬಿದರೂ ನಿಲ್ಲದಿದ್ದರೆ, ಅಥವಾ ಉಷ್ಣಾಂಶ ಎರಡು ತಿಂಗಳು ಏರದೇ ಇದ್ದರೆ, ಗೈನಕಾಲಜಿಸ್ಟ್ ಹತ್ತಿರ ಮತ್ತೆ ಹೋಗಿ. ಏರಿದ ಉಷ್ಣಾಂಶ 18 ದಿನ ಇಳಿಯದೆ ನಿಂತರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಎರಡು ಗೆರೆ ಬಂದ ದಿನ ಕಷಾಯ ನಿಲ್ಲಿಸಿ, ಚೀಟಿ ಹಿಡಿದು ಇಬ್ಬರು ವೈದ್ಯರನ್ನೂ ಕೇಳಿ.