ಗೋಕರ್ಣದ ಉಸುಕಿನ ಮೇಲೆ ಯೋಗ ಮಾಡಿದಾಗ ಬಂದ ನಿದ್ದೆ ಗಂಗಾವತಿಯಲ್ಲಿ ಯಾಕೆ ಬರುತ್ತಿಲ್ಲ?

ಗಂಗಾವತಿಯವಳು:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ ಕೂತಿರುತ್ತೇನೆ, ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಎರಡು ವರ್ಷದಿಂದ ಮನೆಯಲ್ಲಿ ಯೋಗ ಮಾಡುತ್ತಿದ್ದೇನೆ, ಸ್ವಲ್ಪ ಅನುಕೂಲ ಆಗಿದೆ.

ಡಿಸೆಂಬರ್‌ನಲ್ಲಿ ಅಕ್ಕ-ಭಾವನ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ಕುಡ್ಲೆ ಬೀಚಿನಲ್ಲಿ ನಾಲ್ಕು ದಿನ ಬೆಳಿಗ್ಗೆ ಅದೇ ಆಸನಗಳನ್ನು ಮಾಡಿದೆ. ಹಿಂದೆ ಗುಡ್ಡ ಇರುವುದರಿಂದ ಬಿಸಿಲು ತಡವಾಗಿ ಬೀಳುತ್ತದೆ, ಉಸುಕು ತಣ್ಣಗಿರುತ್ತದೆ. ಶವಾಸನದಲ್ಲಿ ಮಲಗಿದರೆ ಬೆನ್ನಿನ ಕೆಳಗೆ ಉಸುಕು ಸರಿದು, ಸೊಂಟ ಎಲ್ಲಿ ಎಷ್ಟು ಬಾಗಿದೆಯೋ ಅಲ್ಲಿ ಅಷ್ಟೇ ಆನಿಕೆ ಕೊಡುತ್ತಿತ್ತು. ನಾಲ್ಕೂ ರಾತ್ರಿ ಸತ್ತಂತೆ ನಿದ್ದೆ. ಊರಿಗೆ ಬಂದು ತಿಂಗಳಾಯಿತು, ಮತ್ತೆ ಮೊದಲಿನ ಹಾಗೇ ಆಗಿದೆ. ಅಲ್ಲಿ ಕೆಲಸ ಮಾಡಿದ್ದು ಸಮುದ್ರವೋ, ಗಾಳಿಯೋ, ಉಸುಕೋ? ನಮ್ಮ ಹೊಳೆ ದಂಡೆಯಲ್ಲಿ ಮಾಡಿದರೆ ಅದೇ ಸಿಗುತ್ತದಾ?

ಬಳ್ಳಾರಿ ಯೋಗ ಟೀಚರ್:
ಮೇಡಂ, ಬಹಳ ಒಳ್ಳೆಯ ಪ್ರಶ್ನೆ. ಮೊದಲು ಒಂದು ಮಾತು. ಸಮುದ್ರದ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ ಅಂತ ನಮ್ಮ ಕ್ಲಾಸಿನಲ್ಲೂ ಹೇಳುವವರಿದ್ದಾರೆ. ಗಾಳಿಯಲ್ಲಿ ಅದರ ಪಾಲು ಎಲ್ಲಾ ಕಡೆ 21% ಆಸುಪಾಸೇ ಇರುತ್ತದೆ. ನಮ್ಮೂರು ಸಮುದ್ರಕ್ಕಿಂತ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಅಷ್ಟೇ, ಅದರಿಂದ ಇಷ್ಟು ವ್ಯತ್ಯಾಸ ಆಗುವುದಿಲ್ಲ.

ನನ್ನ ಅನುಭವದಲ್ಲಿ ದೊಡ್ಡ ಕೆಲಸ ಮಾಡುವುದು ಅಲೆ. ಬಳ್ಳಾರಿ, ಕೊಪ್ಪಳ ಹಾದು ಹೋಗುವ 67ನೇ ಹೆದ್ದಾರಿ ಹಿಡಿದು ಹುಬ್ಬಳ್ಳಿ, ಅಲ್ಲಿಂದ 52ನೇ ಹೆದ್ದಾರಿಯಲ್ಲಿ ಅಂಕೋಲಾ, ಅಲ್ಲಿಂದ ಗೋಕರ್ಣ ಹತ್ತಿರ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಒಂದು ಬೆಳಿಗ್ಗೆ ಓಂ ಬೀಚಿನಲ್ಲಿ ಗಡಿಯಾರ ಇಟ್ಟುಕೊಂಡು ಕೂತೆ. ಅಲೆ ದಡಕ್ಕೆ ಬಂದು ಒಡೆದು, ನೊರೆ ಸರ್ರನೆ ಹಿಂದೆ ಸರಿದು, ಮುಂದಿನದು ಬರುವುದಕ್ಕೆ ಒಂಬತ್ತು-ಹತ್ತು ಸೆಕೆಂಡ್ ಹಿಡಿಯುತ್ತಿತ್ತು. ಅಂದರೆ ನಿಮಿಷಕ್ಕೆ ಆರರ ಲೆಕ್ಕ. ನಾವು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರರ ಹತ್ತಿರಕ್ಕೆ ತಂದರೆ ಎದೆಬಡಿತ ಉಸಿರಿನ ಜೊತೆ ಹದವಾಗಿ ಏರಿಳಿಯುತ್ತದೆ, ಮೈಯನ್ನು ಸಮಾಧಾನಕ್ಕೆ ತರುವ ವೇಗಸ್ ನರ ಚುರುಕಾಗುತ್ತದೆ. ಕಡಲ ದಂಡೆಯಲ್ಲಿ ಇದನ್ನು ಯಾರೂ ಕಲಿಸಬೇಕಿಲ್ಲ, ಕಿವಿಗೆ ಬಿದ್ದ ತಾಳಕ್ಕೆ ಉಸಿರು ತಾನಾಗಿಯೇ ಕೂಡಿಕೊಳ್ಳುತ್ತದೆ. ಉಜ್ಜಾಯಿ ಪ್ರಾಣಾಯಾಮ ಮಾಡುವಾಗ ಗಂಟಲಲ್ಲಿ ಬರುವ ಸದ್ದು ಕೂಡ ಅಲೆಯ ಸದ್ದಿನಂತೆಯೇ ಇರುತ್ತದೆ, ಗಮನಿಸಿ.

ಹೊಳೆಗೆ ಆ ತಾಳ ಇಲ್ಲ. ಅದು ಒಂದೇ ಸಮ ಹರಿಯುತ್ತದೆ. ಅಲ್ಲಿ ನೀವೇ ಎಣಿಸಬೇಕು: ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಮಲಗುವ ಮುಂಚೆ ಹತ್ತು ನಿಮಿಷ ಮನೆಯಲ್ಲೂ ಮಾಡಿ.

ರಾಯಚೂರು ಫಿಸಿಯೋ:
ಟೀಚರ್ ಹೇಳಿದ್ದಕ್ಕೆ ಉಸುಕಿನ ವಿಷಯ ಸೇರಿಸುತ್ತೇನೆ. ಒಂಟಿ ಕಾಲಿನಲ್ಲಿ ನಿಲ್ಲುವ ವೃಕ್ಷಾಸನವನ್ನು ಗಚ್ಚಿನ ನೆಲದ ಮೇಲೆ ಮಾಡಿ, ಆಮೇಲೆ ಉಸುಕಿನ ಮೇಲೆ ಮಾಡಿ ನೋಡಿ. ಉಸುಕಿನಲ್ಲಿ ಹೆಬ್ಬೆರಳು ನೆಲ ಹುಡುಕುತ್ತದೆ, ಹಿಮ್ಮಡಿ ಒಂದು ಕಡೆ ಇಳಿಯುತ್ತದೆ, ಪಾದದ ಸಣ್ಣ ಸಣ್ಣ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಕುರ್ಚಿಯಲ್ಲಿ ಕೂತೇ ದಿನ ಕಳೆಯುವವರಿಗೆ ಇದು ಒಳ್ಳೆಯದು. ಆದರೆ ಪಾದದ ಕೀಲು ಹಿಂದೆ ಉಳುಕಿದವರು, ಮೊಣಕಾಲು ನೋವಿನವರು ಮೆತ್ತನೆ ಒಣ ಉಸುಕಿನಲ್ಲಿ ನಿಂತು ಮಾಡುವ ಆಸನಕ್ಕೆ ಹೋಗಬಾರದು. ನೀರು ಹಿಂದೆ ಸರಿದ ಜಾಗದ ಒದ್ದೆ ಉಸುಕು ಗಟ್ಟಿ ಇರುತ್ತದೆ, ಅಲ್ಲಿ ಮಾಡಲಿ. ಕಡಲ ದಂಡೆ ನೀರಿನ ಕಡೆಗೆ ಇಳಿಜಾರು, ಹಾಗಾಗಿ ಮಲಗುವಾಗ ತಲೆ ಮೇಲಿನ ಕಡೆ ಇರಲಿ. ಭರತದ, ಅಂದರೆ ಕಡಲ ನೀರು ಏರುವ ಹೊತ್ತು ದಿನಾ 50 ನಿಮಿಷದಷ್ಟು ಮುಂದೆ ಹೋಗುತ್ತದೆ, ಇವತ್ತು ಒಣಗಿದ್ದ ಜಾಗ ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ನೀರಲ್ಲಿರಬಹುದು.

ಸೊಂಟ ನೋವು ಕಾಲಿಗೆ ಇಳಿಯುತ್ತಿದ್ದರೆ, ಜುಮ್ಮೆನ್ನುತ್ತಿದ್ದರೆ, ಯೋಗದ ಮುಂಚೆ ಡಾಕ್ಟರ್‌ಗೆ ತೋರಿಸಿ.

ಕೊಪ್ಪಳದಿಂದ:
ಅಕ್ಕ, ನಾಲ್ಕು ದಿನ ಮಿಲ್ಲಿನ ಲೆಕ್ಕ ಇರಲಿಲ್ಲ, ಅಡುಗೆ ಇರಲಿಲ್ಲ. ಅದನ್ನೂ ಸೇರಿಸಿ ಯೋಚಿಸಿ. ಅಲ್ಲಿ ಫೋನ್ ಎಷ್ಟು ನೋಡಿದ್ದಿರಿ?

ಆನೆಗೊಂದಿ ಕಡೆಯವನು:
ಹೊಳೆ ದಂಡೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತುಂಗಭದ್ರೆ ಕಡಲಲ್ಲ. ಇಲ್ಲಿ ಮೊಸಳೆ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲು ಮಾಡಿದ್ದಾರೆ, ಅಂದರೆ ಆ ದಂಡೆ ಅವುಗಳ ಮನೆ. ಗುಡ್ಡದ ಸಾಲಿನಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಕತ್ತಲಿರುವಾಗ ಒಬ್ಬರೇ ಹೋಗಬೇಡಿ, ದಯವಿಟ್ಟು. ನೀರಿನಂಚಿನಲ್ಲಿ ಕಣ್ಣು ಮುಚ್ಚಿ ಮಲಗಲೂ ಬೇಡಿ. ಮಳೆಗಾಲದಲ್ಲಿ ಡ್ಯಾಂ ಗೇಟ್ ಎತ್ತಿದರೆ ಉಸುಕಿನ ದಿಬ್ಬ ನೋಡನೋಡುತ್ತಿದ್ದಂತೆ ಮುಳುಗುತ್ತದೆ.

ಊರ ಹತ್ತಿರ, ಜನ ಓಡಾಡುವ ಕಡೆ, ನೀರಿನಿಂದ ದೂರ ಎತ್ತರದ ಜಾಗ ನೋಡಿ. ಹೊತ್ತು ಮೂಡಿದ ಮೇಲೆ ಹೋದರೆ ಸಾಕು. ಡಿಸೆಂಬರ್-ಜನವರಿಯಲ್ಲಿ ಹಿತವಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಂಡೆ ಬೆಳಿಗ್ಗೆಯೂ ಹಿಂದಿನ ದಿನದ ಕಾವು ಬಿಟ್ಟಿರುವುದಿಲ್ಲ, ಆಗ ಮನೆಯ ಮಾಳಿಗೆಯೇ ವಾಸಿ.

ಗಂಗಾವತಿಯವಳು:
ಎಲ್ಲರಿಗೂ ತುಂಬಾ ಧನ್ಯವಾದ. ಮೊಸಳೆ ವಿಷಯ ಗೊತ್ತಿತ್ತು, ಆದರೆ ಕಣ್ಣು ಮುಚ್ಚಿ ಮಲಗುವ ಬಗ್ಗೆ ಯೋಚಿಸಿರಲಿಲ್ಲ. ಫೋನ್ ಕೇಳಿದವರಿಗೆ: ಅಲ್ಲಿ ದಿನವಿಡೀ ಬ್ಯಾಗಿನಲ್ಲೇ ಇತ್ತು. ನಿಮ್ಮ ಮಾತು ನಿಜ ಇರಬಹುದು.

ಮೂರು ದಿನದಿಂದ ರಾತ್ರಿ ಮಾಳಿಗೆಯ ಮೇಲೆ ಜಮಖಾನ ಹಾಸಿ, ಫೋನ್ ಕೆಳಗೇ ಬಿಟ್ಟು, ನಾಲ್ಕು-ಆರರ ಎಣಿಕೆ ಮಾಡುತ್ತಿದ್ದೇನೆ. ಮೊದಲ ದಿನ ಆರು ಎಣಿಸುವುದರೊಳಗೆ ಉಸಿರು ಮುಗಿದುಹೋಗುತ್ತಿತ್ತು. ಟೀಚರ್, ಅಂಥಾಗ ಮೂರು-ಐದು ಮಾಡಿದರೆ ನಡೆಯುತ್ತದಾ? ನಿನ್ನೆ ಮಾತ್ರ ಎರಡಕ್ಕೆ ಎಚ್ಚರ ಆಗಲಿಲ್ಲ, ನಾಲ್ಕೂವರೆಗೆ ಆಯಿತು. ಭಾನುವಾರ ಪಕ್ಕದ ಮನೆಯವರ ಜೊತೆ ಆನೆಗೊಂದಿ ಕಡೆ ಹೋಗುತ್ತೇವೆ, ಹೊತ್ತು ಮೂಡಿದ ಮೇಲೆ.