ಅಮ್ಮನ ಆರೈಕೆಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕಾಗುತ್ತೆ? ಬೆಂಗಳೂರಿನಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ

ತ್ಯಾಗರಾಜನಗರದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 79. ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಹಾಲ್‌ನಿಂದ ಅಡುಗೆಮನೆವರೆಗೆ ಬರುತ್ತಾರೆ, ಅಷ್ಟೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾನು ಎಂಟೂವರೆಗೆ ಕೆಲಸಕ್ಕೆ ಹೊರಟರೆ ಮನೆ ಸೇರುವಾಗ ಸಂಜೆ ಏಳು.

ಏಜೆನ್ಸಿಯಿಂದ ಹಗಲು ರಾತ್ರಿ ಇರುವ ಆಯಾ ಇಟ್ಟುಕೊಂಡೆವು. ತಿಂಗಳಿಗೆ 27,000, ಊಟ ತಿಂಡಿ ನಮ್ಮದೇ. ಐದು ತಿಂಗಳಲ್ಲಿ ನಾಲ್ಕು ಜನ ಬದಲಾದರು. ಪ್ರತಿ ಸಲವೂ ಅಮ್ಮ ಗುರುತಿಲ್ಲದವರ ಕೈಲಿ ಸ್ನಾನ ಮಾಡಿಸಿಕೊಳ್ಳಬೇಕು. ಕಳೆದ ವಾರ ಸ್ನಾನವೇ ಬೇಡ ಅಂತ ಕೂತುಬಿಟ್ಟರು. ಯಾಕಮ್ಮ ಅಂದರೆ ಗೋಡೆ ಕಡೆ ಮುಖ ತಿರುಗಿಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಸಿಸ್ಟೆಡ್ ಲಿವಿಂಗ್ ಅಂತಾರಲ್ಲ, ವಯಸ್ಸಾದವರು ಅಲ್ಲೇ ಉಳಿದು ಊಟ, ಸ್ನಾನಕ್ಕೆಲ್ಲ ಸಹಾಯ ಪಡೆಯೋ ಜಾಗ, ಅಂಥ ಮೂರು ನೋಡಿ ಬಂದೆ. ಅಮ್ಮನಿಗೆ ಹೊಂದುತ್ತೆ ಅನ್ನಿಸಿದ ಕಡೆ ಇಬ್ಬರಿಗೊಂದು ಕೋಣೆ, ತಿಂಗಳಿಗೆ 42,000, ಅಡ್ವಾನ್ಸ್ ಒಂದೂವರೆ ಲಕ್ಷ. ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ಅಮ್ಮನಿಗೆ ಕುಟುಂಬ ಪಿಂಚಣಿ 24,600 ಬರುತ್ತೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇದೆ. ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 30,750 ಬಡ್ಡಿ. ಎಲ್ಲ ಸೇರಿ ತಿಂಗಳಿಗೆ 34,850. ಕಡಿಮೆ ಬೀಳೋದನ್ನ ನಾನು ಹಾಕಬಲ್ಲೆ, ಆದರೆ ಎಷ್ಟು ಹಾಕಬೇಕಾಗುತ್ತೆ ಅಂತ ಗೊತ್ತಾಗಬೇಕು. 42,000 ಅಂದರೆ 42,000 ತಾನೆ?

ಇನ್ನೊಂದು ವಿಷಯ. ಮನೆ ಅಮ್ಮನ ಹೆಸರಲ್ಲಿದೆ. ಹೂಸ್ಟನ್‌ನಲ್ಲಿರುವ ಅಣ್ಣ, "ಮನೆ ನನ್ನ ಹೆಸರಿಗೆ ಮಾಡಿಸಿಬಿಡಿ, ಖರ್ಚೆಲ್ಲ ನಾನು ನೋಡ್ಕೋತೀನಿ" ಅಂತಿದ್ದಾನೆ. ಅಣ್ಣ ಕೆಟ್ಟವನಲ್ಲ. ಆದರೂ ಅಮ್ಮ ಈ ಮಾತಿಗೆ ಏನೂ ಹೇಳುತ್ತಿಲ್ಲ.

ವಿಜಯನಗರ ವಾಸಿ:

ಮೇಡಂ, 42,000 ಅಂದರೆ 42,000 ಅಲ್ಲ. ನಮ್ಮ ತಂದೆಗೆ ಪಾರ್ಕಿನ್‌ಸನ್ಸ್ ಇತ್ತು, ಎರಡು ವರ್ಷ ನಾಲ್ಕು ತಿಂಗಳು ಇಂಥದೇ ಒಂದು ಕಡೆ ಇದ್ದರು. ನಮಗೆ ಹೇಳಿದ್ದು 45,000. ಮೂರನೇ ತಿಂಗಳ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ: ಡಯಾಪರ್ 3,600, ಫಿಸಿಯೋಥೆರಪಿ 12 ಸಲ, ಸಲಕ್ಕೆ 500ರಂತೆ 6,000, ಜ್ವರ ಬಂದಾಗ ನಾಲ್ಕು ರಾತ್ರಿ ಪಕ್ಕದಲ್ಲಿ ಕೂತವರಿಗೆ 3,200, ಔಷಧಿ 3,500. ಒಟ್ಟು 61,300. ಮುಂದೆ ಅವರಿಗೆ ಕೈಯಾರೆ ಊಟ ಮಾಡೋಕೆ ಆಗದಿದ್ದಾಗ ಮೂಲ ದರವೇ 54,000 ಆಯಿತು. ಒಪ್ಪಂದದ ಆರನೇ ಪುಟದಲ್ಲಿ "ಅವಲಂಬನೆ ಹೆಚ್ಚಿದಂತೆ ದರ ಪರಿಷ್ಕರಿಸಲಾಗುವುದು" ಅಂತ ಒಂದು ಸಾಲು ಇತ್ತು. ಸಹಿ ಹಾಕುವಾಗ ನಾನು ಅದನ್ನ ಓದಿರಲಿಲ್ಲ.

ಅದಕ್ಕೇ ಹೇಳ್ತೀನಿ, ದರಪಟ್ಟಿ ಕೇಳಬೇಡಿ. ಸೊಂಟದ ಆಪರೇಷನ್ ಆಗಿ ಬಂದ ಒಬ್ಬರ ಮೂರು ತಿಂಗಳ ಬಿಲ್ಲನ್ನ ಹೆಸರು ಮುಚ್ಚಿ ತೋರಿಸಿ ಅನ್ನಿ. ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಮ್ಮ ಪೂರ್ತಿ ಹಾಸಿಗೆ ಹಿಡಿದರೆ ಎಷ್ಟು, ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರೆ ಆ ದಿನಗಳ ಹಣ ಕಡಿತ ಆಗುತ್ತಾ, ಅಡ್ವಾನ್ಸ್ ಯಾವಾಗ ವಾಪಸ್ ಬರುತ್ತೆ, ಇದನ್ನೆಲ್ಲ ಕಾಗದದಲ್ಲೇ ಬರೆಸಿಕೊಳ್ಳಿ. ಜಿಎಸ್‌ಟಿ ಸೇರಿಸಿ ಹೇಳಿದ ದರವೋ ಬಿಟ್ಟು ಹೇಳಿದ್ದೋ ಅದನ್ನೂ ಕೇಳಿ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ವಸತಿ, ಊಟ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ 25,000 ಒಳಗಿದ್ದರೆ ಜಿಎಸ್‌ಟಿ ಇಲ್ಲ.

ಮತ್ತೆ, ರಾತ್ರಿ ಎಂಟಕ್ಕೆ ಹೇಳದೆ ಹೋಗಿ. ಹಗಲು ಹನ್ನೊಂದಕ್ಕೆ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತೆ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾಗಳು ಅಂತ ನೀವೇ ಎಣಿಸಿ. ತಂದೆಯವರಿದ್ದ ಕಡೆ 22 ಜನಕ್ಕೆ ಇಬ್ಬರು. ಬೆಲ್ ಒತ್ತಿ ಒತ್ತಿ ಯಾರೂ ಬಾರದೆ ಅವರು ಒದ್ದೆಯಲ್ಲೇ ಬೆಳಗು ಮಾಡಿದ್ದುಂಟು. ಅದು ನನಗೆ ತಿಳಿದದ್ದು ಅವರು ಹೋದ ಮೇಲೆ, ಪಕ್ಕದ ಹಾಸಿಗೆಯವರಿಂದ.

ಹಳೇ ಮೈಸೂರಿನವ:

ಅಕ್ಕಾ, ಮನೆ ವಿಷಯ ಮಾತ್ರ ಹೇಳ್ತೀನಿ. ನಾನು ವಕೀಲರ ಕಚೇರಿಯಲ್ಲಿ ಗುಮಾಸ್ತ. ದಾನಪತ್ರ ಬರೆಯಲೇಬೇಕು ಅಂತಾದರೆ, ಅಮ್ಮನನ್ನು ನೋಡಿಕೊಳ್ಳುವ ಷರತ್ತನ್ನ ಪತ್ರದೊಳಗೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತಿದ್ದು ಪಡೆದವರು ನೋಡಿಕೊಳ್ಳದಿದ್ದರೆ ಪತ್ರವನ್ನ ಅನೂರ್ಜಿತ ಮಾಡಿಸಬಹುದು. ಅರ್ಜಿ ಕೊಡೋದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಷರತ್ತು ಬರೆಸದೆ ಬರೀ ನಂಬಿಕೆ ಮೇಲೆ ಕೊಟ್ಟವರು ವರ್ಷಗಟ್ಟಲೆ ಓಡಾಡಿದ್ದನ್ನ ಕಣ್ಣಾರೆ ಕಂಡಿದ್ದೀನಿ. ನನ್ನ ಕೇಳಿದರೆ ಅಮ್ಮ ಇರುವವರೆಗೂ ಮನೆ ಅಮ್ಮನ ಹೆಸರಲ್ಲೇ ಇರಲಿ. ಬಾಡಿಗೆಗೆ ಕೊಡಿ, ಆ ಹಣ ಅವರ ಖರ್ಚಿಗೇ ಆಗುತ್ತೆ.

ಸಲಹೆಗೆ 1090ಕ್ಕೆ ಫೋನ್ ಮಾಡಿ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಬೆಂಗಳೂರು ಪೊಲೀಸರು ಸೇರಿ ನಡೆಸುವ ಹಿರಿಯರ ಸಹಾಯವಾಣಿ. ದೇಶಕ್ಕೆಲ್ಲ ಒಂದೇ ಸಂಖ್ಯೆ 14567 ಕೂಡ ಇದೆ.

ಧಾರವಾಡದ ಸೊಸಿ:

ಅಕ್ಕಾರ, ಎಲ್ಲಾರೂ ರೊಕ್ಕದ್ದು ಹೇಳಿದ್ರು. ಅವ್ವಾರನ್ನ ಕೇಳೀರೇನ್ರಿ? ನಮ್ಮ ಅತ್ತೀಯವರನ್ನ ಬೆಂಗಳೂರಾಗ ಒಂದು ಕಡೆ ಇಡೂಮುಂದ ನಾವು ಅವರನ್ನ ಕರಕೊಂಡು ಹೋಗಿ ತೋರಿಸಲೇ ಇಲ್ಲ. ಸಾಮಾನು ಕಟ್ಟಿ, ಸೀದಾ ಬಿಟ್ಟು ಬಂದ್ವಿ. ಅವರು ಹದಿನೈದು ದಿನ ಯಾರ ಕೂಡನೂ ಮಾತಾಡಲಿಲ್ಲ. ಆಮ್ಯಾಲೆ ನಾನು ವಾರಕ್ಕ ಎರಡು ಸಲ ಜ್ವಾಳದ ರೊಟ್ಟಿ, ಪುಂಡಿಪಲ್ಯ ಒಯ್ದು ಕೊಟ್ಟು, ಕೂಡಿ ಉಣ್ಣಾಕ ಹತ್ತಿದ ಮ್ಯಾಲೆ ಮಾತಾಡಿದ್ರು. ಭಾಳ ಕಡೆ ಒಂದು ತಿಂಗಳ ಮಟ್ಟಿಗೆ ಇಟ್ಕೋತಾರ. ಅಡ್ವಾನ್ಸ್ ಕೊಡೂಕಿಂತ ಮೊದಲ ಹಂಗ ಕೇಳ್ರಿ. ಸ್ನಾನ ಮಾಡಸೂ ಆಯಾ ದಿನಾ ಒಬ್ಬಾಕಿನ ಇರ್ತಾಳೇನು, ಅದನ್ನ ಎಲ್ಲಾದಕ್ಕಿಂತ ಮೊದಲ ಕೇಳ್ರಿ.

ತ್ಯಾಗರಾಜನಗರದ ಮಗಳು:

ಎಲ್ಲರಿಗೂ ಕೃತಜ್ಞತೆ. ಶುಕ್ರವಾರ ರಾತ್ರಿ ಹೇಳದೆ ಹೋಗಿ ನೋಡಿದೆ, 16 ಜನಕ್ಕೆ ಮೂವರು ಇದ್ದರು. ಬಿಲ್ಲು ತೋರಿಸಿದರು: 42,000 ಹೋಗಿ 53,000 ಚಿಲ್ಲರೆ. ಮನೆ ಬಾಡಿಗೆಗೆ ಕೊಟ್ಟು ನಾವು ಅಲ್ಲೇ ಹತ್ತಿರ ಚಿಕ್ಕ ಮನೆ ನೋಡುವ ಯೋಚನೆ ಇದೆ. ಪತ್ರದ ವಿಷಯ ಈಗ ಬೇಡ ಅಂತ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸರಿ ಅಂದ.

ಧಾರವಾಡದ ಅಕ್ಕ ಹೇಳಿದ ಹಾಗೆ ಭಾನುವಾರ ಅಮ್ಮನನ್ನೇ ಕರೆದುಕೊಂಡು ಹೋದೆ. ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಐದು ತಿಂಗಳ ಮೇಲೆ ಬೀದಿ ಕಂಡರು. ಅಲ್ಲಿ ಕೋಣೆ ಕಡೆ ಹೆಚ್ಚು ನೋಡಲಿಲ್ಲ. ಸ್ನಾನ ಮಾಡಿಸುವ ಹೆಂಗಸನ್ನ ಕರೆಸಿ ಹೆಸರು ಕೇಳಿದರು, ಊರು ಕೇಳಿದರು. ಅವಳು ಮಾಗಡಿ ಕಡೆಯವಳು, ಅಲ್ಲಿ ಆರು ವರ್ಷದಿಂದ ಇದ್ದಾಳಂತೆ. ಕಾರಲ್ಲಿ ವಾಪಸ್ ಬರುವಾಗ, "ಒಂದು ತಿಂಗಳು ಇದ್ದು ನೋಡ್ತೀನಿ ಕಣೆ, ಅವಳು ರಜೆ ಹಾಕೋದು ಯಾವತ್ತು ಅಂತ ಕೇಳಿಟ್ಟುಕೋ" ಅಂದರು. ಬುಧವಾರವಂತೆ. ಬುಧವಾರ ಸ್ನಾನಕ್ಕೆ ನಾನೇ ಹೋಗುತ್ತೇನೆ.